ಬಿಳುಪಿನಲ್ಲೂ ಬಗೆ ಉಂಟು

ನೋಯ್ಡಾದ ನಮ್ಮ ಮನೆಯ ಬಾಲ್ಕನಿಯಲ್ಲಿ ಈ ವಾರ ವೆಟ್‌ಸೂಟ್ ಗಾಳಿಗಿಟ್ಟಿದ್ದೇನೆ. ನವೆಂಬರಿನ ಹೊಗೆ ಕವಿಯುತ್ತಿದ್ದಂತೆ ದೆಹಲಿಯ ಡೈವರ್‌ಗಳಿಗೆ ಕಡಲಿನ ಕನಸು ಶುರು. ಕಲಿತದ್ದು ಕ್ಲೋರಿನ್ ನಾರುವ ಈಜುಕೊಳದಲ್ಲಿ, ಹೊರಡುವುದು ಲಕ್ಷದ್ವೀಪಕ್ಕೋ ಮುರ್ಡೇಶ್ವರದೆದುರಿನ ನೇತ್ರಾಣಿಗೋ. ಮರಳಿ ಬಂದವರು ಆಮೆಯ ಕಥೆಯನ್ನು ಗಂಟೆಗಟ್ಟಲೆ ಹೇಳುತ್ತಾರೆ. ಹವಳ ಹೇಗಿತ್ತು ಎಂದು ಕೇಳಿದರೆ ಮಾತ್ರ ಮಾತು ನಿಲ್ಲುತ್ತದೆ. ನನಗೆ ಬೇಸರವಾಗುವುದು ಅಲ್ಲಿಯೇ.

ಉಂಗುರದ ಕೆಂಪು ಹವಳದ ಮಾತಲ್ಲ ಇದು, ಅದರ ಕುಲವೇ ಬೇರೆ. ದಿಬ್ಬ ಕಟ್ಟುವುದು ಕಲ್ಲುಹವಳ: ಸುಣ್ಣದ ಗೂಡು, ಅದರ ಮೇಲೆ ಜೀವವಿರುವ ತೆಳು ಪದರ, ಆ ಪದರದೊಳಗೆ ಅನ್ನ ಮತ್ತು ಬಣ್ಣ ಕೊಡುವ ಸೂಕ್ಷ್ಮ ಪಾಚಿ. ನೀರು ಕಾದಾಗ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಹತ್ತಿರ ಹೋಗಿ ನೋಡಿದರೆ ಗಾಜಿನಂಥ ಮೈ ಇನ್ನೂ ಅಲ್ಲೇ ಇರುತ್ತದೆ; ನೀರು ತಣಿದರೆ ಚೇತರಿಸಿಕೊಳ್ಳಬಹುದು. ರೋಗದ ಬಿಳುಪಿನಲ್ಲಿ ಮೈಯೇ ಇರುವುದಿಲ್ಲ, ಬರೀ ಎಲುಬು. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಸ್ಪಷ್ಟವಾದ ಗಡಿ. ಕಣ್ಣು ಪಳಗಬೇಕಾದದ್ದು ಈ ಗಡಿಯನ್ನು ಓದಲು.

ಕಪ್ಪುಪಟ್ಟಿ ರೋಗವನ್ನು ಮೊದಲು ವರದಿ ಮಾಡಿದವರು ಅರ್ನ್‌ಫ್ರೀಡ್ ಆಂಟೋನಿಯಸ್, 1973ರಲ್ಲಿ, ಕೆರಿಬಿಯನ್ ಕಡೆಯಿಂದ. ಸೂಕ್ಷ್ಮಜೀವಿಗಳು ಹೆಣೆದ ಆ ಕಪ್ಪು ಚಾಪೆಯಡಿ ಆಮ್ಲಜನಕವಿಲ್ಲ, ಗಂಧಕದ ವಿಷವಿದೆ. ಅದು ದಿನಕ್ಕೆ ಒಂದು ಸೆಂಟಿಮೀಟರ್‌ವರೆಗೂ ಸರಿಯಬಲ್ಲದು. ಪೊರೈಟಿಸ್ ಎಂಬ ಗುಂಡು ಹವಳ ಒಂದು ಸೆಂಟಿಮೀಟರ್ ಬೆಳೆಯಲು ಸುಮಾರು ಒಂದು ವರ್ಷ ಬೇಕು. ಈ ಎರಡು ಲೆಕ್ಕ ತಿಳಿದಮೇಲೆ ಕಪ್ಪು ಗೆರೆಯೊಂದು ಕಂಡರೆ ಮನಸ್ಸು ತಳಮಳಿಸದೆ ಇರದು.

ನಮ್ಮ ಕಡಲೂ ಹೊರತಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಜೆ. ರವೀಂದ್ರನ್ ಮತ್ತು ಚಂದ್ರಲತಾ ರಘುಕುಮಾರ್, ಲಕ್ಷದ್ವೀಪದ ಕವರತ್ತಿಯ ಪೊರೈಟಿಸ್‌ನಲ್ಲಿ ಕಂಡ 'ಪಿಂಕ್ ಲೈನ್' ರೋಗವನ್ನು 2002ರಲ್ಲಿ ಬಣ್ಣಿಸಿದರು: ಸತ್ತ ಭಾಗದ ಸುತ್ತ ಗುಲಾಬಿ ಅಂಚು. ಗುಲಾಬಿ ಕಂಡ ಕೂಡಲೇ ರೋಗ ಎನ್ನಬಾರದು. ಮೀನು ಕಚ್ಚಿದರೂ ಹುಳು ಕೊರೆದರೂ ಪೊರೈಟಿಸ್ ಗುಲಾಬಿಗೆ ತಿರುಗುತ್ತದೆ, ನಮ್ಮ ಗಾಯ ಕೆಂಪಗಾದ ಹಾಗೆ.

2014ರಲ್ಲಿ ಮಯಾಮಿಯ ಬಳಿ ಕಾಣಿಸಿದ ಹೊಸ ರೋಗ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಕಲ್ಲುಹವಳಗಳಿಗೆ ತಗುಲಿ ಕೆರಿಬಿಯನ್‌ಗೆಲ್ಲ ಹಬ್ಬಿತು. ಅಲ್ಲಿನ ಡೈವರ್‌ಗಳು ಅಮಾಕ್ಸಿಸಿಲಿನ್ ಬೆರೆಸಿದ ಲೇಪವನ್ನು ಕೈಯಾರೆ ಗಾಯದಂಚಿಗೆ ಒತ್ತುತ್ತಾರೆ. ಒಂದು ಗಾಯ ನಿಂತರೂ ಮತ್ತೊಂದು ಕಡೆ ಹೊಸದು ಏಳಬಹುದು. ಆದರೂ ಅವರು ಇಳಿಯುತ್ತಾರೆ. ಅವರ ಬಗ್ಗೆ ನನಗೆ ಅಪಾರ ಗೌರವ.

ನಮ್ಮಿಂದಾಗುವುದು ಸಣ್ಣದು. ಏಷ್ಯಾ-ಪೆಸಿಫಿಕ್‌ನ 159 ದಿಬ್ಬಗಳನ್ನು ಪರಿಶೀಲಿಸಿದ 2018ರ ಅಧ್ಯಯನದಲ್ಲಿ, ಪ್ಲಾಸ್ಟಿಕ್ ತಾಗಿದ ಹವಳಕ್ಕೆ ರೋಗದ ಸಾಧ್ಯತೆ ಶೇ. 4ರಿಂದ ಶೇ. 89ಕ್ಕೆ ಏರಿತ್ತು. ಹಾಗಾಗಿ ಕಂಡ ಚೀಲವನ್ನು ಜೇಬಿಗೆ ಸೇರಿಸಿ. ತರಚಿದ ಮೈಗೆ ಸೋಂಕು ಸುಲಭ, ಅದಕ್ಕೇ ಈಜುಕೊಳದಲ್ಲೇ ತೇಲುವ ಹಿಡಿತ ಸಾಧಿಸಿ. ಫಿನ್ ಹವಳಕ್ಕೆ ತಾಗದಿರಲಿ. ಒಂದು ಕಡಲಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸಲಕರಣೆಯನ್ನು ಸೋಂಕುನಿವಾರಕದಲ್ಲಿ ಅದ್ದಿ ತೊಳೆದು ಒಣಗಿಸಿ. 2001ರಿಂದ ಕಲ್ಲುಹವಳಗಳಿಗೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ, ಹುಲಿಗಿರುವಷ್ಟೇ. ಒಡೆದ ಚೂರನ್ನೂ ನೆನಪಿಗೆಂದು ತರುವಂತಿಲ್ಲ.

ಲಕ್ಷದ್ವೀಪದ ಕದ್ಮತ್ತಿಗೆ ಟಿಕೆಟ್ ಆಗಿದೆ. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ದ್ವೀಪ ಅದು. ಹೋದ ವರ್ಷ ಅಲ್ಲೊಂದು ಪೊರೈಟಿಸ್‌ನ ಎಡಮಗ್ಗುಲಲ್ಲಿ ಅಂಗೈಯಗಲದ ಬೋಳು, ಅದರ ಸುತ್ತ ಗುಲಾಬಿ ಅಂಚು ಕಂಡು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಚಿತ್ರ ತೆಗೆದಿದ್ದೆ. ಈ ಸಲವೂ ಅದೇ ಪಟ್ಟಿಯನ್ನು ಚೀಲಕ್ಕೆ ಹಾಕಿದ್ದೇನೆ.