ಟಾಮ್‌-ಜೆರ್ರಿಯ ಮನೆಯಲ್ಲಿ ಮುಖವಿಲ್ಲದವಳು

ಬೆಕ್ಕು ಅಟ್ಟಿಸಿಕೊಂಡು ಬರುತ್ತದೆ, ಇಲಿ ಬಿಲ ಸೇರುತ್ತದೆ, ಪಿಂಗಾಣಿ ಪಾತ್ರೆಗಳು ಚೂರುಚೂರಾಗುತ್ತವೆ. ಮಕ್ಕಳ ಜೊತೆ ಕುಳಿತ ಹಿರಿಯರೂ ನಗುತ್ತಾರೆ. ‘ಟಾಮ್ ಅಂಡ್ ಜೆರ್ರಿ’ಯನ್ನು ಸವಿಯಲು ಭಾಷೆಯ ಹಂಗಿಲ್ಲ, ಆದ್ದರಿಂದಲೇ ಅದು ನಮ್ಮ ಮನೆಗಳನ್ನೂ ಸಲೀಸಾಗಿ ಪ್ರವೇಶಿಸಿತು. ಆದರೆ ಆ ಗದ್ದಲದ ನಡುವೆ ಪೊರಕೆ ಹಿಡಿದು ಬರುವ ಒಬ್ಬ ಹೆಂಗಸನ್ನು ನಾವು ಗಮನಿಸಿದ್ದೇವೆಯೇ? ಕಪ್ಪು ಕೈಕಾಲುಗಳು, ಸವೆದ ಚಪ್ಪಲಿ, ಗದರುವ ದನಿ. ಅವಳಿಗೆ ಮುಖವಿಲ್ಲ.

ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಎಂ.ಜಿ.ಎಂ. ಸಂಸ್ಥೆಗಾಗಿ ರಚಿಸಿದ ಮೊದಲ ಚಿತ್ರದಲ್ಲಿಯೇ ಅವಳಿದ್ದಾಳೆ. ‘ಮ್ಯಾಮಿ ಟೂ ಷೂಸ್’ ಎಂದು ಹೆಸರಾದ ಈ ಪಾತ್ರ 1952ರವರೆಗೆ ಉಳಿಯಿತು. ‘ಮ್ಯಾಮಿ’ ಎಂಬುದು ಗುಲಾಮಗಿರಿಯ ಕಾಲದಿಂದ ಅಮೆರಿಕದ ಬಿಳಿಯರು ಕಪ್ಪು ಮನೆಗೆಲಸದವಳಿಗೆ ಕಟ್ಟಿಕೊಂಡ ಚಿತ್ರ: ದಪ್ಪ ದೇಹ, ಒರಟು ಮಾತು, ಒಡೆಯರ ಮನೆಯೇ ಸರ್ವಸ್ವ.

ಬೆಕ್ಕಿನ ಕಣ್ಣೆತ್ತರದಿಂದ ನೋಡುವ ಚಿತ್ರದಲ್ಲಿ ಮನುಷ್ಯರ ಮುಖ ಕಾಣದಿರುವುದು ಸಹಜವೆಂದು ವಾದಿಸಬಹುದು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅಂದಿನ ಪ್ರೇಕ್ಷಕರಿಗೆ ಅವಳನ್ನು ಗುರುತಿಸಲು ಮುಖದ ಅಗತ್ಯವೇ ಬೀಳಲಿಲ್ಲ. ಬಣ್ಣ, ಪೊರಕೆ, ತೊದಲು ವ್ಯಾಕರಣ ಸಾಕಾಯಿತು. ಒಬ್ಬ ವ್ಯಕ್ತಿಯನ್ನು ನೋಡದೆಯೇ ಬಲ್ಲೆವೆಂದು ತಿಳಿಯುವುದೇ ಪೂರ್ವಗ್ರಹ. ಸಿಡಿಮದ್ದು ಸಿಡಿದು ಟಾಮ್‌ನ ಮೋರೆ ಕಪ್ಪಾಗಿ, ತಲೆಯ ಮೇಲೆ ಪುಟ್ಟ ಜಡೆಗಳು ಮೂಡುವ ಹಾಸ್ಯಕ್ಕಂತೂ ಸಮರ್ಥನೆಯೇ ಇಲ್ಲ. ಅಲ್ಲಿ ನಗೆಗೀಡಾಗುವುದು ಬೆಕ್ಕಲ್ಲ, ಒಂದು ಜನಾಂಗ.

ಆದರೂ ಆ ಪಾತ್ರದಲ್ಲಿ ಜೀವವಿದೆ. ದನಿ ನೀಡಿದವರು ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕಪ್ಪು ನಟಿ. ಟಾಮ್ ನಿಜವಾಗಿ ಅಂಜುವುದು ಆ ದನಿಗೇ. 1950ರ ‘ಸ್ಯಾಟರ್ಡೇ ಈವ್ನಿಂಗ್ ಪುಸ್’ನಲ್ಲಿ ಅವಳು ಸಿಂಗರಿಸಿಕೊಂಡು ಗೆಳತಿಯರೊಡನೆ ಇಸ್ಪೀಟಾಡಲು ಹೊರಡುತ್ತಾಳೆ. ಅವಳಿಗೂ ಒಂದು ಶನಿವಾರ ಸಂಜೆಯಿದೆ! ಮನೆಗೆ ಧಾವಿಸಿ ಬರುವಾಗ ಕ್ಷಣಮಾತ್ರ ಮುಖವೂ ಮಿಂಚಿ ಮರೆಯಾಗುತ್ತದೆ. ಇಷ್ಟಾದರೂ ಆ ಚಿತ್ರಗಳ ಹೆಸರುಪಟ್ಟಿಯಲ್ಲಿ ರ‍್ಯಾಂಡಾಲ್ಫ್ ಅವರ ಹೆಸರಿರಲಿಲ್ಲ.

ಆಕ್ಷೇಪಗಳು ಬೆಳೆದಾಗ ಮಾಡಿದ್ದೇನು? 1960ರ ದಶಕದಲ್ಲಿ, ದೂರದರ್ಶನ ಪ್ರಸಾರಕ್ಕೆಂದು, ಚಕ್ ಜೋನ್ಸ್ ಅವರ ತಂಡ ಅವಳನ್ನು ಅಳಿಸಿ ಬಿಳಿಯ ಹೆಂಗಸೊಬ್ಬಳನ್ನು ಬರೆಯಿತು. ಜೂನ್ ಫೋರೇ ಐರಿಷ್ ಧಾಟಿಯಲ್ಲಿ ದನಿ ಕೊಟ್ಟರು. ಐರಿಷ್ ಮನೆಗೆಲಸದವಳೂ ಅಮೆರಿಕದ ಹಳೆಯ ನಗೆಪಾತ್ರವೇ ಎಂಬುದು ಇಲ್ಲಿನ ವಿಪರ್ಯಾಸ. ಹೀಗೆ ಅವಮಾನವನ್ನು ತೊಡೆಯಹೊರಟವರು ಅವಮಾನಿತಳನ್ನೇ ತೊಡೆದುಹಾಕಿದರು. ಅವಳಿಗೆ ಮೊದಲು ಮುಖವಿರಲಿಲ್ಲ. ಈಗ ದನಿಯೂ ಹೋಯಿತು.

ಹೆಚ್ಚು ಪ್ರಾಮಾಣಿಕವಾದ ದಾರಿ ತಡವಾಗಿ ತೆರೆಯಿತು. 2005ರಲ್ಲಿ ಈ ಚಿತ್ರಗಳು ಡಿ.ವಿ.ಡಿ. ರೂಪದಲ್ಲಿ ಬಂದಾಗ ನಟಿ ವೂಪಿ ಗೋಲ್ಡ್‌ಬರ್ಗ್ ಪೀಠಿಕೆಯ ಮಾತುಗಳನ್ನಾಡಿದರು. ಇವುಗಳಲ್ಲಿನ ಅಣಕ ಅಂದೂ ತಪ್ಪು, ಇಂದೂ ತಪ್ಪು. ಆದರೆ ಮರೆಮಾಚಿದರೆ ಆ ತಪ್ಪು ನಡೆಯಲೇ ಇಲ್ಲವೆಂದು ಹೇಳಿದಂತಾಗುತ್ತದೆ ಎಂಬುದು ಅವರ ಮಾತಿನ ಸಾರ. ಕಪ್ಪು ಕಲಾವಿದೆಯೊಬ್ಬರ ಬಾಯಿಂದ ಬಂದುದರಿಂದ ಅದಕ್ಕೆ ತೂಕವಿದೆ.

ಆದರೆ ಅಂಥ ಪೀಠಿಕೆ ಮಗುವಿಗೆ ತಾನಾಗಿ ತಿಳಿಯದು; ತಿಳಿಸಬೇಕಾದವರು ಪಕ್ಕದಲ್ಲಿ ಕುಳಿತ ನಾವು. ಟಿ.ವಿ. ಆರಿಸಿಬಿಡುವುದು ಸುಲಭ. ಅದಕ್ಕಿಂತ “ಈ ಅಮ್ಮನ ಮುಖವನ್ನು ಯಾಕೆ ತೋರಿಸುತ್ತಿಲ್ಲ?” ಎಂದು ಕೇಳುವುದು ಒಳಿತು. ಆಗ ಮಗು ಮರುಪ್ರಶ್ನೆ ಹಾಕೀತು: ನಮ್ಮ ಮನೆಯಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವವರ ಹೆಸರೇನು, ಅವರ ಶನಿವಾರ ಸಂಜೆ ಹೇಗಿರುತ್ತದೆ ಎಂದು. ಉತ್ತರ ನಮಗೆ ಗೊತ್ತಿರಬೇಕು.