ಪೂರ್ವರಂಗದ ಕಲಾವಿದ: ಮೇಳದ ತಿರುಗಾಟ ಮತ್ತು ರಾಕ್ ಗೋಷ್ಠಿ

1

ಪ್ರದರ್ಶನ ಯಾವುದೇ ಇರಲಿ, ಅದರ ವಿಮರ್ಶೆ ಸಾಮಾನ್ಯವಾಗಿ ಮುಖ್ಯ ಕಲಾವಿದನ ಪ್ರವೇಶದಿಂದ ಆರಂಭವಾಗುತ್ತದೆ. ಅವನಿಗಿಂತ ಮೊದಲು ರಂಗವನ್ನೇರಿ, ಇನ್ನೂ ಪೂರ್ತಿಯಾಗಿ ನೆರೆಯದ, ನೆರೆದಿದ್ದರೂ ಮನಸ್ಸು ಕೊಡದ ಸಭೆಯ ಎದುರಿಗೆ ಹಾಡಿ ಕುಣಿದು ಹೋದವನ ಹೆಸರು ವರದಿಯ ಕೊನೆಯ ಸಾಲಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವನ ಕೆಲಸಕ್ಕೆ ತನ್ನದೇ ಆದ ಲಕ್ಷಣವಿದೆಯೆ, ಇದ್ದರೆ ಅದನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬುದನ್ನು ನಮ್ಮ ವಿಮರ್ಶಕರು ಹೆಚ್ಚಾಗಿ ವಿಚಾರಿಸಿಲ್ಲ. ಆ ವಿಚಾರವನ್ನು ಆರಂಭಿಸುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ದಕ್ಷಿಣ ಬೆಂಗಳೂರು ಒಳ್ಳೆಯ ನೆಲೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಕರಾವಳಿಯಿಂದಲೂ ಮಲೆನಾಡಿನಿಂದಲೂ ಬಂದು ನೆಲಸಿದ ಕುಟುಂಬಗಳು ಅನೇಕ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಯಕ್ಷಗಾನದ ಕಲಾವಿದರು ತಂಡಗಳಾಗಿ ನಗರಕ್ಕೆ ಬರುತ್ತಾರೆ. ಅದೇ ಬಡಾವಣೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕೋಣೆಗಳೊಳಗೆ ಬಾಗಿಲು ಹಾಕಿಕೊಂಡು ಗಿಟಾರ್ ಮತ್ತು ಡ್ರಮ್ ಅಭ್ಯಾಸ ಮಾಡುವ ಯುವಕರೂ ಇದ್ದಾರೆ. ಯಾವುದಾದರೊಂದು ಹೆಸರಾಂತ ತಂಡದ ಗೋಷ್ಠಿಗೆ ಮುಂಚೆ ಅರ್ಧ ಗಂಟೆ ನುಡಿಸುವ ಅವಕಾಶ ದೊರೆಯಬೇಕೆಂಬುದು ಅವರಲ್ಲಿ ಹಲವರ ಆಸೆ. ಒಬ್ಬರದು ಕೋಡಂಗಿಯ ಕುಣಿತ, ಮತ್ತೊಬ್ಬರದು ‘ಓಪನಿಂಗ್ ಆಕ್ಟ್’. ಹೆಸರು ಬೇರೆಯಾದರೂ ಸ್ಥಾನ ಒಂದೇ: ಇಬ್ಬರೂ ಪೂರ್ವರಂಗದ ಕಲಾವಿದರು.

2

ಪೂರ್ವರಂಗದ ಕಲ್ಪನೆ ನಮ್ಮಲ್ಲಿ ಬಹು ಹಳೆಯದು. ಭರತನು ನಾಟ್ಯಶಾಸ್ತ್ರದ 5ನೆಯ ಅಧ್ಯಾಯವನ್ನು ಇದಕ್ಕಾಗಿಯೇ ಮೀಸಲಿಟ್ಟು ಅದರ 19 ಅಂಗಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಮೊದಲ 9 ತೆರೆಯ ಒಳಗೆ ನಡೆಯತಕ್ಕವು, ಉಳಿದ 10 ತೆರೆ ಸರಿದ ಮೇಲೆ ನಡೆಯತಕ್ಕವು. ವಾದ್ಯಗಳನ್ನು ತಮ್ಮ ತಮ್ಮ ಸ್ಥಾನದಲ್ಲಿ ಇರಿಸುವುದು ಪ್ರತ್ಯಾಹಾರ. ಗಾಯಕರು ಬಂದು ಕುಳಿತುಕೊಳ್ಳುವುದು ಅವತರಣ. ವಾದ್ಯಗಳನ್ನು ಶ್ರುತಿಗೂಡಿಸಿ ಹದಗೊಳಿಸುವುದು ಆಶ್ರಾವಣ. ಇಂದಿನ ಗೋಷ್ಠಿಗಳಲ್ಲಿ ‘ಸೌಂಡ್ ಚೆಕ್’ ಎಂದು ಕರೆಯುವ ಕ್ರಿಯೆಗೆ ಭರತನು ಪೂಜೆಯ ಗೌರವವನ್ನು ಕೊಟ್ಟಿದ್ದಾನೆಂದರೆ ತಪ್ಪಾಗಲಾರದು. ನಾಂದಿಯಿಂದ ದೇವತಾಪ್ರೀತಿ, ಪ್ರರೋಚನೆಯಿಂದ ಸಭಾಪ್ರೀತಿ. ಹೀಗೆ ಪೂರ್ವರಂಗ ಮುಗಿಯುವ ವೇಳೆಗೆ ಚದರಿದ್ದ ಜನ ಒಂದು ಸಭೆಯಾಗಿರಬೇಕು.

ಇಲ್ಲಿಯೇ ಭರತನು ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಪೂರ್ವರಂಗದ ಗೀತನೃತ್ತಗಳನ್ನು ಅತಿಯಾಗಿ ಬೆಳೆಸಬಾರದು; ಬೆಳೆಸಿದರೆ ಪ್ರಯೋಗ ಮಾಡುವವರೂ ನೋಡುವವರೂ ದಣಿಯುತ್ತಾರೆ, ದಣಿದವರಿಗೆ ಮುಂದೆ ಬರುವ ರಸಭಾವಗಳು ಸ್ಪಷ್ಟವಾಗುವುದಿಲ್ಲ. ಈ ಮಾತಿನಿಂದ ಎರಡು ಸಂಗತಿಗಳು ತಿಳಿಯುತ್ತವೆ. ಪೂರ್ವರಂಗವು ನಾಟ್ಯದ ಹೊರಗಿನದಲ್ಲ, ಅದರ ಅಂಗವೇ ಆಗಿದೆ. ಆದರೆ ಅಂಗಿಯನ್ನು ನುಂಗುವಷ್ಟು ಬೆಳೆಯುವ ಅಧಿಕಾರ ಅದಕ್ಕಿಲ್ಲ. ತನ್ನ ನಂತರ ಬರುವವನಿಗೆ ಸಭೆಯನ್ನು ಎಚ್ಚರವಾಗಿ ಒಪ್ಪಿಸುವುದೇ ಪೂರ್ವರಂಗದ ಕಲಾವಿದನ ಧರ್ಮ.

3

ಈ ಧರ್ಮವನ್ನು ನಮ್ಮ ನಾಡಿನಲ್ಲಿ ಬಹುಕಾಲ ಉಳಿಸಿಕೊಂಡು ಬಂದದ್ದು ಯಕ್ಷಗಾನ. ಅದರ ಸ್ವರೂಪವನ್ನು ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ದಲ್ಲಿ ಶಾಸ್ತ್ರೀಯವಾಗಿ ಪರಿಶೀಲಿಸಿದರು, 1959ರಲ್ಲಿ ಆ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ವಾಚಕರಿಗೆ ವಿದಿತವೇ ಇದೆ. ಮೇಳದ ತಿರುಗಾಟ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಹೊರಟು, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮುಗಿಯುತ್ತದೆ. ಈ ಆರು ತಿಂಗಳು ಕಲಾವಿದನಿಗೆ ರಾತ್ರಿಯೇ ಹಗಲು. ಇಂದು ಒಂದು ಊರು, ನಾಳೆ ಮತ್ತೊಂದು. ಹಿಂದಿನ ಕಾಲದಲ್ಲಿ ವೇಷಭೂಷಣಗಳ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಸಾಗುತ್ತಿದ್ದವು, ಕಲಾವಿದರು ಕಾಲುದಾರಿಯಲ್ಲಿ ನಡೆಯುತ್ತಿದ್ದರು. ಅನಂತರ ಲಾರಿ ಬಸ್ಸುಗಳು ಬಂದವು. ದಾರಿ ಬದಲಾದರೂ ಕ್ರಮ ಬದಲಾಗಲಿಲ್ಲ: ಸಂಜೆ ಕೇಳಿ ಬಡಿಯುವುದು, ಚೌಕಿಯಲ್ಲಿ ಗಣಪತಿಯ ಪೂಜೆ, ಆಮೇಲೆ ರಂಗದ ಮೇಲೆ ಪೂರ್ವರಂಗ.

ಮೊದಲು ಬರುವವನು ಕೋಡಂಗಿ. ಅವನಿಗೆ ಕಿರೀಟವಿಲ್ಲ, ಮಾತಿಲ್ಲ, ಕಥೆಯಿಲ್ಲ. ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುವುದೇ ಅವನ ಕೆಲಸ. ಅವನ ಹಿಂದೆ ಬಾಲಗೋಪಾಲರು, ಅವರ ಹಿಂದೆ ಸ್ತ್ರೀವೇಷಗಳು. ತಿಟ್ಟಿಗೆ ತಿಟ್ಟಿಗೆ ಈ ಕ್ರಮದಲ್ಲಿ ವ್ಯತ್ಯಾಸಗಳುಂಟು. ಕೋಡಂಗಿಯಾಗಿ ಕುಣಿಯುವವನು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ. ಹಾಡುವವನೂ ಮುಖ್ಯ ಭಾಗವತನಲ್ಲ, ಕಲಿಯುತ್ತಿರುವ ಸಂಗೀತಗಾರ. ಪ್ರಸಂಗ ಆರಂಭವಾಗುವಾಗ ಮುಖ್ಯ ಭಾಗವತರು ಬಂದು ಜಾಗಟೆ ಹಿಡಿಯುತ್ತಾರೆ. ಹೀಗೆ ಕುಣಿತಕ್ಕೂ ಹಾಡಿಗೂ ಪೂರ್ವರಂಗವೇ ಪಾಠಶಾಲೆ.

ಈ ಪಾಠಶಾಲೆಯ ವೈಶಿಷ್ಟ್ಯವನ್ನು ಗಮನಿಸಬೇಕು. ಕೋಡಂಗಿ ಕುಣಿಯುವ ಹೊತ್ತಿಗೆ ಊರವರು ಊಟ ಮುಗಿಸಿ ಚಾಪೆ ಹಿಡಿದುಕೊಂಡು ಬರುತ್ತಿರುತ್ತಾರೆ. ಮುಂದೆ ಕುಳಿತವರು ಮಕ್ಕಳು, ಹಿಂದೆ ಚಹಾ ಅಂಗಡಿಯ ಗದ್ದಲ. ಅವನನ್ನು ನೋಡಲೆಂದು ಬಂದವರು ಯಾರೂ ಇಲ್ಲ. ತಪ್ಪಿದರೆ ನಗುವವರಿಲ್ಲ, ಚೆನ್ನಾಗಿ ಕುಣಿದರೆ ಮೆಚ್ಚುವವರೂ ಇಲ್ಲ. ಆದರೆ ಅವನ ಬೆನ್ನ ಹಿಂದೆ ಚೌಕಿ ಇದೆ. ಅಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಹಿರಿಯ ವೇಷಧಾರಿಯ ಕಿವಿ ಅವನ ಗೆಜ್ಜೆಯ ಮೇಲಿರುತ್ತದೆ. ನಡುರಾತ್ರಿಯ ಮೇಲೆ ಇವನೇ ಬೇರೆ ವೇಷ ಕಟ್ಟಿ ದೂತನಾಗಿಯೋ ಸೇನೆಯ ಬಲವಾಗಿಯೋ ಅದೇ ಹಿರಿಯನ ಪಕ್ಕದಲ್ಲಿ ನಿಲ್ಲಬೇಕು. ಇಂತಹ ನೂರು ರಾತ್ರಿಗಳಾದ ಮೇಲೆ ಕೋಡಂಗಿ ಬಾಲಗೋಪಾಲನಾಗುತ್ತಾನೆ; ವರ್ಷಗಳು ಕಳೆದು ಪುಂಡುವೇಷ, ಎರಡನೆಯ ವೇಷಗಳವರೆಗೂ ಹೋಗಬಹುದು. ಎಲ್ಲರೂ ಹೋಗುವುದಿಲ್ಲ; ದಾರಿ ಮಾತ್ರ ತೆರೆದಿರುತ್ತದೆ.

4

ಇನ್ನು ರಾಕ್ ಗೋಷ್ಠಿಯ ಕಡೆಗೆ ನೋಡೋಣ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿತು. ಅವರಿಗೆ ಮುಂಚೆ ದೆಹಲಿಯ ಪರಿಕ್ರಮ ತಂಡವೂ ಲಾರೆನ್ ಹ್ಯಾರಿಸ್ ಎಂಬ ಗಾಯಕಿಯೂ ಬಂದರು. ಈ ಗಾಯಕಿ ಐರನ್ ಮೇಡನ್ ತಂಡದ ಸ್ಥಾಪಕ ಸ್ಟೀವ್ ಹ್ಯಾರಿಸರ ಮಗಳು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ನುಡಿಸಿದಾಗ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ತಂಡದೊಂದಿಗೆ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ತಂಡವೂ ಪೂರ್ವರಂಗದಲ್ಲಿತ್ತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿಯೂ ಇದೇ ಪದ್ಧತಿಯ ಸಣ್ಣ ಪ್ರತಿರೂಪವನ್ನು ಕಾಣಬಹುದು: ವಿದ್ಯಾರ್ಥಿಗಳ ತಂಡ ಮೊದಲು, ಹಣ ಕೊಟ್ಟು ಕರೆಸಿದ ತಂಡ ಆಮೇಲೆ.

ಈ ಗೋಷ್ಠಿಗಳ ಒಳಗಿನ ಕ್ರಮ ಭರತನ ಕ್ರಮಕ್ಕೆ ತಲೆಕೆಳಗು. ವಾದ್ಯಗಳನ್ನು ಮೊದಲು ಹದಗೊಳಿಸಿಕೊಳ್ಳುವವರು ಮುಖ್ಯ ತಂಡದವರು. ಅವರ ಸಾಮಗ್ರಿಗಳನ್ನು ಬಟ್ಟೆ ಹೊದಿಸಿ ಹಿಂದೆ ಬಿಟ್ಟು, ಉಳಿದ ಕಿರಿದಾದ ಜಾಗದಲ್ಲಿ, ಉಳಿದ ಸ್ವಲ್ಪ ಸಮಯದಲ್ಲಿ ಮೊದಲಿನ ತಂಡ ಸಿದ್ಧವಾಗಬೇಕು. ಧ್ವನಿ, ಬೆಳಕುಗಳ ಪೂರ್ಣ ವೈಭವವೂ ಅದಕ್ಕೆ ಅನೇಕ ವೇಳೆ ದೊರೆಯುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇಂತಹ ತಂಡವು ಬಾಡಿಗೆಯ ವ್ಯಾನಿನಲ್ಲಿ ತಾನೇ ಸಾಮಾನು ಹೊತ್ತು, ತಾನೇ ವಾಹನ ನಡೆಸಿ, ಮುಖ್ಯ ತಂಡದ ಬಸ್ಸಿನ ಹಿಂದೆ ಊರಿಂದೂರಿಗೆ ಹೋಗುವುದುಂಟು. ಆ ಸ್ಥಾನಕ್ಕಾಗಿ ತಾನೇ ಹಣ ತೆರುವ ಪದ್ಧತಿಯೂ ಉಂಟು.

ಸಭೆಯ ಅಭಿರುಚಿ ಹೊಂದದಿದ್ದರೆ ಪ್ರತಿಭೆಯೂ ಕೈಕೊಡುತ್ತದೆಂಬುದಕ್ಕೆ 1967ರ ಬೇಸಗೆಯ ಒಂದು ನಿದರ್ಶನವಿದೆ. ಮಂಕೀಸ್ ಎಂಬ ಜನಪ್ರಿಯ ತಂಡದ ಅಮೆರಿಕ ಪ್ರವಾಸಕ್ಕೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಪೂರ್ವರಂಗದವನಾಗಿದ್ದ. ಹದಿಹರೆಯದ ಪ್ರೇಕ್ಷಕರು ಅವನ ವಾದನದ ನಡುವೆಯೇ ತಮ್ಮ ಮೆಚ್ಚಿನವರಿಗಾಗಿ ಕೂಗತೊಡಗಿದರು. ಕೆಲವೇ ಪ್ರದರ್ಶನಗಳ ಮೇಲೆ ಅವನು ಆ ಪ್ರವಾಸವನ್ನು ಬಿಟ್ಟುಹೋದ. ಇಲ್ಲಿ ಅವನ ವಾದನ ಕಳಪೆಯಾಗಿತ್ತೆಂದು ಯಾರೂ ಹೇಳಲಾರರು. ಅದು ಮುಂದೆ ಬರುವ ಸಂಗೀತಕ್ಕೆ ಪೂರ್ವರಂಗವಾಗಲಿಲ್ಲ, ಅಷ್ಟೆ.

5

ಈ ಎರಡು ಪದ್ಧತಿಗಳನ್ನು ಹೋಲಿಸಿದಾಗ ಪೂರ್ವರಂಗದ ಕಲೆಯ ಒಂದು ಸಾಮಾನ್ಯ ಲಕ್ಷಣ ಹೊಳೆಯುತ್ತದೆ. ಮುಖ್ಯ ಕಲಾವಿದನಿಗೆ ಸಭೆಯ ಪೂರ್ವಪರಿಚಯವೆಂಬ ದೊಡ್ಡ ಬಂಡವಾಳವಿದೆ. ಪ್ರಸಂಗದ ಕರ್ಣನನ್ನು ಎಲ್ಲರೂ ಬಲ್ಲರು. ಹೆಸರಾಂತ ತಂಡದ ಹಾಡಿನ ಮೊದಲ ಸ್ವರ ಕೇಳಿದೊಡನೆ ಸಾವಿರ ಜನ ತಾವೇ ಹಾಡತೊಡಗುತ್ತಾರೆ. ಗುರುತಿಸುವ ಈ ಆನಂದ ಪೂರ್ವರಂಗದವನಿಗೆ ಲಭ್ಯವಿಲ್ಲ. ಕೋಡಂಗಿಗೆ ಕಥೆಯಿಲ್ಲ, ಮೊದಲಿನ ತಂಡಕ್ಕೆ ಕಥೆಯಂತಹ ಪದ್ಯಗಳಿದ್ದರೂ ಅವು ಯಾರಿಗೂ ಗೊತ್ತಿಲ್ಲ. ಆದುದರಿಂದ ಇಬ್ಬರೂ ಕೊನೆಗೆ ಆಶ್ರಯಿಸಬೇಕಾದದ್ದು ಲಯವನ್ನೇ. ಅರ್ಥ ತಿಳಿಯುವ ಮೊದಲೇ ದೇಹಕ್ಕೆ ತಿಳಿಯುವುದು ಲಯ. ಹರಟುತ್ತಿದ್ದವನ ಬೆರಳು ತನಗರಿವಿಲ್ಲದೆ ತಾಳ ಹಾಕತೊಡಗಿತೆಂದರೆ ಪೂರ್ವರಂಗದವನು ಗೆದ್ದನೆಂದೇ ಅರ್ಥ. ಲಯಶುದ್ಧಿ, ಮಿತವಾದ ಕಾಲ, ಮುಂದಿನವನಿಗೆ ಹೊಂದುವ ಮನೋಧರ್ಮ—ಈ ಮೂರನ್ನು ಅವನ ವಿಮರ್ಶೆಗೆ ಅಳತೆಯಾಗಿ ಇಟ್ಟುಕೊಳ್ಳಬಹುದು.

ಆದರೆ ಭೇದವೂ ಮುಖ್ಯವಾದುದೇ. ಮೇಳದ ಕೋಡಂಗಿ ಮುಖ್ಯ ವೇಷಧಾರಿಯೊಂದಿಗೆ ರಂಗವನ್ನೂ ದಾರಿಯನ್ನೂ ಹಂಚಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ವಿದೇಶಿ ತಂಡಕ್ಕೆ ಮುಂಚೆ ನುಡಿಸುವ ಸ್ಥಳೀಯ ತಂಡಕ್ಕೆ ರಂಗ ಮಾತ್ರ ದೊರೆಯುತ್ತದೆ, ದಾರಿ ದೊರೆಯುವುದಿಲ್ಲ. ಒಂದು ಸಂಜೆ, ಒಂದು ಮೈದಾನ, ಅಲ್ಲಿಗೆ ಮುಗಿಯಿತು. ಮುಖ್ಯ ತಂಡ ವಿಮಾನವೇರಿ ಹೋಗುತ್ತದೆ. ಪರಿಕ್ರಮ ತಂಡಕ್ಕೆ ಅದೇ 2007ರಲ್ಲಿ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸುವ ಅವಕಾಶ ಬಂದದ್ದು ಅಪವಾದ. ಒಂದೇ ರಾತ್ರಿಯ ಪೂರ್ವರಂಗದಿಂದ ಕೀರ್ತಿ ಬರಬಹುದು, ವಿದ್ಯೆ ಬರುವುದಿಲ್ಲ. ನಿನ್ನೆಯ ಊರಿನಲ್ಲಿ ಹಿಡಿಯದ ಕುಣಿತ ಇಂದಿನ ಊರಿನಲ್ಲಿ ಏಕೆ ಹಿಡಿಯಿತು ಎಂಬ ಪ್ರಶ್ನೆ ತಿರುಗಾಟದವನಿಗೆ ಮಾತ್ರ ಎದುರಾಗುತ್ತದೆ. ಕಲಿಕೆ ಇರುವುದು ಆ ಪ್ರಶ್ನೆಯಲ್ಲಿ.

6

ಹೀಗಿರುವಾಗ ದಕ್ಷಿಣ ಬೆಂಗಳೂರಿನಲ್ಲಿ ಯಕ್ಷಗಾನದ ಪೂರ್ವರಂಗಕ್ಕೆ ಒದಗಿದ ಗತಿ ಚಿಂತೆಗೆ ಕಾರಣವಾಗಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸುವ ನಿಯಮ 2000ದಲ್ಲಿ ಬಂದಿತು. ಸಭಾಂಗಣಗಳು ಗಂಟೆಯ ಲೆಕ್ಕದಲ್ಲಿ ದೊರೆಯುತ್ತವೆ. ಆದುದರಿಂದ ನಗರದ ಆಟ ಮೂರು ಗಂಟೆಯ ಕಾಲಮಿತಿಗೆ ಇಳಿದಿದೆ. ಕತ್ತರಿ ಮೊದಲು ಬಿದ್ದದ್ದು ಕೋಡಂಗಿಯ ಮೇಲೆ. ಗಣಪತಿಯ ಸ್ತುತಿಯೊಂದು ಮುಗಿದೊಡನೆ ಪ್ರಸಂಗವೇ ಆರಂಭವಾಗುವುದು ಸಾಮಾನ್ಯವಾಗಿದೆ.

ಇದಕ್ಕೆ ಸಮಾಧಾನವೂ ಇದೆ. ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಆಟ ಹೇಳಿದ ಸಮಯಕ್ಕೆ ಸರಿಯಾಗಿ ತೊಡಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಇಂತಹ ಸಭೆಗೆ ಕಾಯಿಸುವ ಕುಣಿತ ಏತಕ್ಕೆ? ಜನ ಮೊದಲೇ ಸಭೆಯಾಗಿ ಕುಳಿತಿದ್ದಾರಲ್ಲ! ಇನ್ನು ಕಲಿಕೆಗೆ, ಉಡುಪಿಯ ಯಕ್ಷಗಾನ ಕೇಂದ್ರದಂತಹ ಸಂಸ್ಥೆಗಳೂ ಕೆರೆಮನೆಯವರ ಗುರುಕುಲದಂತಹವೂ ಇವೆ. ಈ ವಾದವನ್ನು ಅಲ್ಲಗಳೆಯುವಂತಿಲ್ಲ. ಕಾಯುವ ಜನರಿಲ್ಲದಲ್ಲಿ ಪೂರ್ವರಂಗದ ಒಂದು ಪ್ರಯೋಜನ ನಿಜವಾಗಿಯೂ ತೀರಿತು. ಹೆಜ್ಜೆಯನ್ನೂ ತಾಳವನ್ನೂ ಶಾಲೆಯೇ ಹೆಚ್ಚು ಕ್ರಮವಾಗಿ ಕಲಿಸಬಲ್ಲುದೆಂಬುದೂ ನಿಜ.

ಆದರೆ ಶಾಲೆಯಲ್ಲಿ ದೊರೆಯದ ಪಾಠವೊಂದಿದೆ: ತನ್ನನ್ನು ಲೆಕ್ಕಿಸದ ಸಭೆ. ಗುರುವಿನ ಕಣ್ಣೆದುರಿಗೆ ಕುಣಿಯುವುದು ಒಂದು, ಬೆನ್ನು ತಿರುಗಿಸಿ ಮಾತಾಡುತ್ತಿರುವವನನ್ನು ಕುಣಿತದಿಂದಲೇ ಇತ್ತ ತಿರುಗಿಸುವುದು ಮತ್ತೊಂದು. ಅಭ್ಯಾಸದ ಕೋಣೆಯಿಂದ ನೇರವಾಗಿ ಸ್ಪರ್ಧೆಯ ವೇದಿಕೆಗೆ ಬರುವ ಯುವಕರ ವಾದ್ಯತಂಡಕ್ಕೂ ಈ ಮಾತು ಅನ್ವಯಿಸುತ್ತದೆ. ತೀರ್ಪುಗಾರನೂ ಗೆಳೆಯರೂ ಗಮನ ಕೊಡಲೆಂದೇ ಬಂದವರು. ಅವರ ಎದುರಿನ ಜಯ ಅಪರಿಚಿತರ ಎದುರಿನ ಜಯವಲ್ಲ.

ಆದುದರಿಂದ ನಗರದ ಸಂಘಟಕರು ಮೂರು ಗಂಟೆಯಲ್ಲಿ ಹದಿನೈದು ನಿಮಿಷಗಳನ್ನು ಕೋಡಂಗಿ, ಬಾಲಗೋಪಾಲರಿಗೆ ಉಳಿಸಿಕೊಡಬೇಕು. ಒಳಗೆ ಸಮಯವಿಲ್ಲದಿದ್ದರೆ ಬಾಗಿಲು ತೆರೆಯುವ ಮುಂಚೆ, ಜನ ಸಾಲಾಗಿ ನಿಂತಿರುವ ಅಂಗಳದಲ್ಲಿಯೇ ಅದು ನಡೆಯಬಹುದು. ಕೋಡಂಗಿಯ ನಿಜವಾದ ಸಭೆ ಇರುವುದು ಅಲ್ಲಿಯೇ. ರಾಕ್ ಗೋಷ್ಠಿಯನ್ನು ಏರ್ಪಡಿಸುವವರು ನಮ್ಮ ಹೊಸ ತಂಡವೊಂದನ್ನು ಒಂದೇ ಸಂಜೆಗೆ ಎರವಲು ಪಡೆಯುವ ಬದಲು ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಸಣ್ಣ ತಿರುಗಾಟಕ್ಕೆ ಹಿರಿಯ ತಂಡದ ಜೊತೆಯಲ್ಲಿ ಕಳುಹಿಸುವುದು ಲೇಸು. ವಿಮರ್ಶೆ ಬರೆಯುವ ನಾವು ಮಾಡಬೇಕಾದದ್ದು ಇನ್ನೂ ಸುಲಭ: ಸ್ವಲ್ಪ ಮುಂಚೆ ಹೋಗಿ ಕುಳಿತುಕೊಳ್ಳಬೇಕು. ಇಂದಿನ ಮುಖ್ಯ ವೇಷ ಎಂತಹದೆಂಬುದು ತಡವಾಗಿ ಬಂದವನಿಗೂ ತಿಳಿಯುತ್ತದೆ. ಹತ್ತು ವರ್ಷಗಳ ಮೇಲೆ ಮುಖ್ಯ ವೇಷ ಯಾರು ಕಟ್ಟುವರೆಂಬುದನ್ನು ಅರಿಯಬೇಕಾದರೆ ಕೋಡಂಗಿಯ ಹೊತ್ತಿಗೇ ಹೋಗಬೇಕು.