ಗರ್ಭವಿಚ್ಯುತಿಯೂ ಕ್ರಿಮಿವಾದವೂ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಮೂಢಗರ್ಭವನ್ನು ಕುರಿತ ಅಧ್ಯಾಯದಲ್ಲಿ, ಒಂದು ಉಪಮೆಯುಂಟು. ಕಾಲಪಕ್ವವಾದ ಫಲವು ತಾನಾಗಿ ತೊಟ್ಟು ಕಳಚುವಂತೆ ಗರ್ಭವು ಸಕಾಲದಲ್ಲಿ ಪ್ರಸವಕ್ಕೆ ಬರುತ್ತದೆ; ಹುಳು, ಗಾಳಿ, ಪೆಟ್ಟುಗಳಿಂದ ಪೀಡಿತವಾದ ಫಲವು ಅಕಾಲದಲ್ಲಿ ಉದುರುವಂತೆ ಗರ್ಭವೂ ಚ್ಯುತವಾಗುತ್ತದೆ ಎಂಬುದು ಅದರ ತಾತ್ಪರ್ಯ. ಇಲ್ಲಿಯ ‘ಕ್ರಿಮಿ’ಶಬ್ದವೊಂದನ್ನೇ ಹಿಡಿದು, ಪರೋಪಜೀವಿಗಳಿಂದ ಗರ್ಭಪಾತವಾಗುವುದನ್ನು ಪ್ರಾಚೀನರು ಅರಿತಿದ್ದರೆಂದು ಸಾಧಿಸಹೊರಡುವುದು ಸುಲಭ. ಆದರೆ ಅದು ಯುಕ್ತವೇ ಎಂಬುದು ವಿಚಾರಣೀಯವು.

ಕ್ರಿಮಿಯು ಇಲ್ಲಿ ಉಪಮಾನವಾದ ಫಲಕ್ಕೆ ಸೇರಿದುದೇ ಹೊರತು ಉಪಮೇಯವಾದ ಗರ್ಭಕ್ಕಲ್ಲ. ಅಕಾಲಪತನವೊಂದೇ ಉಭಯಸಾಧಾರಣವಾದ ಧರ್ಮ. ಉಪಮಾನದ ಸಕಲ ವಿಶೇಷಗಳನ್ನೂ ಉಪಮೇಯಕ್ಕೆ ಹೊರಿಸುವುದಾದರೆ ಗರ್ಭಕ್ಕೆ ಸಿಪ್ಪೆಯನ್ನೂ ಬೀಜವನ್ನೂ ಕಲ್ಪಿಸಬೇಕಾದೀತು. ಋಷಿಯು ಹೇಳದುದನ್ನು ಹೇಳಿಸುವುದು ಅವನಿಗೆ ಗೌರವವಲ್ಲ.

1938ರಲ್ಲಿ ಮುದ್ರಣಗೊಂಡ ಕಾಶ್ಯಪಸಂಹಿತೆಯ ರೇವತೀಕಲ್ಪದಲ್ಲಿ ಈ ವಿಷಯದ ಮತ್ತೊಂದು ಮುಖವು ಕಾಣುತ್ತದೆ. ಅಲ್ಲಿ ಗರ್ಭವನ್ನೂ ಶಿಶುವನ್ನೂ ಅಪಹರಿಸುವ ಜಾತಹಾರಿಣಿಯು ಸಂಪರ್ಕದಿಂದ ಒಬ್ಬಳಿಂದ ಮತ್ತೊಬ್ಬಳಿಗೆ ಸಂಕ್ರಮಿಸುತ್ತಾಳೆಂಬ ಮಾತು ಗಮನಾರ್ಹವಾದುದು. ಆದರೆ ಆಕೆಗೆ ಅವಕಾಶವಾಗುವುದು ಅಧರ್ಮದಿಂದಲೆಂದು ಗ್ರಂಥವು ಹೇಳುತ್ತದೆ. ಗರ್ಭವನ್ನು ಕಳೆದುಕೊಂಡವಳ ಮೇಲೆಯೇ ದೋಷವೂ ಬಿದ್ದಿತು. ಈ ಮಾತನ್ನು ನಾವು ಮುಚ್ಚಿಡಲಾಗದು.

ಇನ್ನು ನವೀನರ ಮತವನ್ನು ನೋಡೋಣ. ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶಜೀವಿಯನ್ನು 1908ರಲ್ಲಿ ಟ್ಯೂನಿಸಿನಲ್ಲಿ ನಿಕೋಲ್ ಮತ್ತು ಮಾನ್ಸೋ ಎಂಬವರು ಒಂದು ದಂಶಕಪ್ರಾಣಿಯಲ್ಲಿ ಕಂಡರು. ಬೆಕ್ಕಿನ ಮಲದಿಂದ ಕಲುಷಿತವಾದ ಮಣ್ಣು, ನೀರು, ತೊಳೆಯದ ಸೊಪ್ಪು, ಅರೆಬೆಂದ ಮಾಂಸ ಇವುಗಳಿಂದ ಅದು ಮನುಷ್ಯನನ್ನು ಸೇರುತ್ತದೆ. ಗರ್ಭಿಣಿಗೆ ಮೊದಲ ಸಲ ತಗಲಿದಾಗ ಅದು ಮಾಸನ್ನು ದಾಟಬಹುದು. ಮೊದಲ ತಿಂಗಳುಗಳಲ್ಲಿ ದಾಟುವುದು ಅಪೂರ್ವ, ದಾಟಿದರೆ ಹಾನಿ ಘೋರ. ಕಡೆಯ ತಿಂಗಳುಗಳಲ್ಲಿ ದಾಟುವುದು ಹೆಚ್ಚು, ಹಾನಿ ಅಲ್ಪ. ಜೀವಿಯನ್ನು ತಡೆಯುವ ಇಂಟರ್‌ಫೆರಾನ್‌-ಗಾಮಾ ಎಂಬ ದ್ರವ್ಯವು ಅತಿಯಾದರೆ ಗರ್ಭಕ್ಕೇ ಕೇಡು ಮಾಡುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ರಕ್ಷಕಬಲವೇ ಮಿತಿಮೀರಿ ಭಕ್ಷಕವಾಗುವ ಈ ಸಂಗತಿಯು ನಮ್ಮ ಉಪಮೆಯ ಮೂರು ಹೇತುಗಳಲ್ಲಿ ಯಾವುದಕ್ಕೂ ಸೇರದು.

ಆದರೆ ನವೀನರಲ್ಲಿಯೂ ಹೇತ್ವಾಭಾಸವಿಲ್ಲದಿಲ್ಲ. ಗರ್ಭಪಾತವಾದ ಸ್ತ್ರೀಯರ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯವನ್ನು ಕಂಡೊಡನೆ ‘ಇದೇ ಕಾರಣ’ವೆನ್ನುವವರುಂಟು. ಈ ಪ್ರತಿಕಾಯವು ಹಿಂದೆಂದೋ ತಗಲಿದ ಸೋಂಕಿನ ಗುರುತಾಗಿ ಆಜೀವವೂ ಉಳಿಯುತ್ತದೆ. ಆರೋಗ್ಯವಂತ ಶಿಶುವನ್ನು ಹೆತ್ತವರಲ್ಲಿಯೂ ಕಾಣುತ್ತದೆ. ವಿಪಕ್ಷದಲ್ಲಿಯೂ ಇರುವ ಹೇತುವು ಅನೈಕಾಂತಿಕವೆಂಬುದು ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ತಿಳಿದ ವಿಷಯ. ಐಜಿಎಂ ಎಂಬುದು ಮೊದಲು ಹುಟ್ಟುವುದಾದರೂ ಕೆಲವರಲ್ಲಿ ವರ್ಷಕ್ಕೂ ಮೀರಿ ನಿಲ್ಲುವುದರಿಂದ ಅದೊಂದರಿಂದಲೇ ಕಾಲನಿರ್ಣಯವಾಗದು. ಪ್ರತಿಕಾಯದ ಬಂಧನಬಲವನ್ನು ಅಳೆಯುವ ಪರೀಕ್ಷೆಯಲ್ಲಿ ಆ ಬಲವು ಅಧಿಕವೆಂದು ತೋರಿದರೆ, ಸೋಂಕು ಕೆಲವು ತಿಂಗಳುಗಳಷ್ಟಾದರೂ ಹಳೆಯದೆಂದು ತಿಳಿಯಬಹುದು.

ರಕ್ತದ ಇತರ ವಿಕಾರಗಳಲ್ಲಿಯೂ ಈ ಎಚ್ಚರವೇ ಬೇಕು. ನಿಯತಪೂರ್ವವೃತ್ತಿಯಾದುದೇ ಕಾರಣ. ಸ್ರಾವವಾದ ಮೇಲೆ ತೆಗೆದ ರಕ್ತದಲ್ಲಿ ಹೀಮೋಗ್ಲೋಬಿನ್ ಕುಗ್ಗಿದ್ದರೆ ಅದು ಸ್ರಾವದ ಕಾರ್ಯವೇ ಆಗಿರಬಹುದು. ಬಿಳಿಯ ರಕ್ತಕಣಗಳಾದರೋ ಗರ್ಭಿಣಿಯಲ್ಲಿ ಸಹಜವಾಗಿಯೇ ಹೆಚ್ಚುತ್ತವೆ. ಆದಕಾರಣ ಅದೇ ತಿಂಗಳಿನ ಸ್ವಸ್ಥಗರ್ಭಿಣಿಯೊಡನೆ ಹೋಲಿಸದ ಅಂಕೆಗಳು ಪ್ರಮಾಣವಾಗಲಾರವು. ಶರೀರಬಲವಿರುವ ಸ್ತ್ರೀಯಲ್ಲಿ ಗರ್ಭಧಾರಣೆಗೆ ಬಹುಮುಂಚೆ ತಗಲಿದ ಸೋಂಕು ಶಿಶುವಿಗೆ ಸಂಕ್ರಮಿಸುವುದು ಅತಿವಿರಳ. ಪುನಃಪುನಃ ಗರ್ಭಪಾತವಾಗುವವರಿಗೆ ಟಾರ್ಚ್ ಎಂಬ ಪರೀಕ್ಷಾಸಮೂಹವನ್ನು ವಾಡಿಕೆಯಾಗಿ ಮಾಡುವುದು ನಿಷ್ಪ್ರಯೋಜಕವೆಂದು ಲಂಡನ್ನಿನ ಪ್ರಸೂತಿವೈದ್ಯರ ರಾಯಲ್ ಕಾಲೇಜು 2011ರ ತನ್ನ ಸೂಚನೆಯಲ್ಲಿ ತಿಳಿಸಿದೆ.

ಹಿಂದೆ ‘ನಿನ್ನ ಅಧರ್ಮ’ವೆಂದರು, ಇಂದು ಚೀಟಿಯೊಂದನ್ನು ತೋರಿ ‘ನಿನ್ನ ರಕ್ತದ ದೋಷ’ವೆಂದರೆ, ಅಥವಾ ‘ನೀನು ಸಾಕಿದ ಬೆಕ್ಕು’ ಎಂದರೆ, ಆ ದುಃಖಿತೆಗೆ ಭೇದವೇನು? ಗ್ರಂಥದಲ್ಲಿಲ್ಲದುದನ್ನು ಗ್ರಂಥದಲ್ಲಿ ಕಾಣುವುದೂ, ರಕ್ತದಲ್ಲಿಲ್ಲದುದನ್ನು ರಕ್ತದಲ್ಲಿ ಓದುವುದೂ ಒಂದೇ ಪ್ರಮಾದದ ಎರಡು ರೂಪಗಳು. ಉಪಮೆಯನ್ನು ಉಪಮೆಯಾಗಿಯೂ ಲಿಂಗವನ್ನು ಲಿಂಗವಾಗಿಯೂ ಓದುವ ಶಿಕ್ಷಣವನ್ನು ನಮ್ಮ ಪಾಠಶಾಲೆಗಳು ಕೊಟ್ಟಿವೆ. ಅದನ್ನು ಇಲ್ಲಿ ಪ್ರಯೋಗಿಸುವುದು ಪಂಡಿತರಿಗೂ ವೈದ್ಯರಿಗೂ ಸಮಾನವಾದ ಕರ್ತವ್ಯವು.